ಇದು ಮೀನಲ್ಲ, ನಿಮ್ಮದೇ ವಾಸನೆ

ಅನಿಲ ತುರ್ತು ಸೇವಾ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಮ್ಮ ಕಟ್ಟಡದಲ್ಲಿ ಗ್ಯಾಸ್ ಸೋರುತ್ತಿದೆ. ನಿಮ್ಮ ಕಚೇರಿ ಅದನ್ನು ಮೀನು ಎನ್ನುತ್ತಿದೆ. ನನ್ನ ದೂರು ಇಷ್ಟೇ. ತಮಗೆ ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ಓದು ನಿಲ್ಲಿಸಿ ತಂಡವನ್ನು ಕಳುಹಿಸಿ. ಇವತ್ತು ಸಂಜೆಯಿಂದ ಯಾರನ್ನೂ ಕಳುಹಿಸದೆ ಇರುವುದನ್ನು ನೋಡಿದರೆ ತಮಗೆ ಪುರುಸೊತ್ತು ಧಾರಾಳವಾಗಿಯೇ ಇರುವಂತಿದೆ. ಹಾಗಿದ್ದರೆ ದಯವಿಟ್ಟು ಮುಂದೆ ಓದಿ.

ನಾನು ಬಹೀಗಾ. ಮನ್ಸೂರಾದ ಸಿಮ್ಸಿಮ್ ಓಣಿಯಲ್ಲಿ ಮದುವೆಯ ಗೌನುಗಳನ್ನೂ ವಧೂವರರು ಕೂರುವ ಚಿನ್ನದ ಬಣ್ಣದ ಸಿಂಹಾಸನಗಳನ್ನೂ ಬಾಡಿಗೆಗೆ ಕೊಡುತ್ತೇನೆ. ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ನಾನೇ ಅಧ್ಯಕ್ಷೆ. ಆಯ್ಕೆಯ ಸಭೆಗೆ ಗೈರುಹಾಜರಾದವಳು ನಾನೊಬ್ಬಳೇ ಆದ್ದರಿಂದ ಆ ಗೌರವ ಸಿಕ್ಕಿತು. ಈ ಪತ್ರವನ್ನು ಓಣಿಯ ಕೊನೆಯ ಪಾದಚಾರಿ ಕಟ್ಟೆಯ ಮೇಲೆ, ನನ್ನದೇ ಬಾಡಿಗೆ ಸಿಂಹಾಸನವೊಂದರಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಕ್ಕಪಕ್ಕದಲ್ಲಿ ಹಾಸಿಗೆಗಳು, ಅಳುವ ಕೂಸುಗಳು, ಟೀ ಕೆಟಲ್ಲು, ಒಂದು ಗಿಳಿಪಂಜರ. ಇಡೀ ಕಟ್ಟಡ ಬೀದಿಗೆ ಬಂದಿದೆ. ಒಬ್ಬನನ್ನು ಬಿಟ್ಟು. ನೆಲಮಹಡಿಯ ಅಂಗಡಿಯಲ್ಲಿ ಹಾಜ್ ದಸೂಕಿ ಇನ್ನೂ ಒಳಗೇ ಕೂತಿದ್ದಾನೆ. ಹೊರಗೆ ಬರುವುದಿಲ್ಲ ಎನ್ನುತ್ತಿದ್ದಾನೆ. ಅವನು ಬರದೇ ಇರುವುದಕ್ಕೆ ಕಾರಣ ತಾವು. ಅದನ್ನು ತಮಗೆ ಮನದಟ್ಟು ಮಾಡಿಸುವುದೇ ಈ ಪತ್ರದ ಉದ್ದೇಶ.

ಕಳೆದ ವರ್ಷದ ಶಮ್ಮುನ್ನಸೀಮ್ ಹಬ್ಬವನ್ನು ತಾವು ಮರೆತಿರಲಾರಿರಿ. ವಸಂತ ಬಂದ ಆ ಸೋಮವಾರ ಊರಿಗೆ ಊರೇ ಹಸಿ ಈರುಳ್ಳಿ, ರೊಟ್ಟಿ, ಫಿಸೀಖ್ ಕಟ್ಟಿಕೊಂಡು ನೈಲ್ ದಂಡೆಗೆ ಹೋಗುತ್ತದೆ. ಮೀನನ್ನು ಬಿಸಿಲಿಗಿಟ್ಟು, ಅದು ಉಬ್ಬಿದ ಮೇಲೆ ಪೀಪಾಯಿಯಲ್ಲಿ ಉಪ್ಪಿನ ಜೊತೆ ಹೂತಿಟ್ಟು, ಅದು ತನ್ನ ಪಾಡಿಗೆ ತಾನು ಕಳಿತು ಫಿಸೀಖ್ ಆಗುವವರೆಗೆ ಕಾಯುವುದು ದಸೂಕಿಯ ಮನೆತನದ ಕೆಲಸ. ಅವನು ನಬರೂಹ್ ಊರಿನವನು. ಅಲ್ಲಿ ಮಕ್ಕಳು ನಡೆಯಲು ಕಲಿಯುವ ಮೊದಲು ಪೀಪಾಯಿಗೆ ಕಿವಿಯಿಟ್ಟು ಕೇಳುವುದನ್ನು ಕಲಿಯುತ್ತಾರೆ. ಆರೋಗ್ಯ ಇಲಾಖೆ ವರ್ಷವೂ ಟಿವಿಯಲ್ಲಿ ಬಂದು ಇದನ್ನು ತಿಂದರೆ ಸಾಯುತ್ತೀರಿ ಎಂದು ಹೆದರಿಸುತ್ತದೆ. ನಾವು ಟಿವಿ ನೋಡುತ್ತಲೇ ತಿನ್ನುತ್ತೇವೆ. ಆ ವಾಸನೆಯನ್ನು ಹೊಗಳುವವರು ನಮ್ಮಲ್ಲಿ ಯಾರೂ ಇಲ್ಲ, ಅದನ್ನು ಬಿಟ್ಟು ಹಬ್ಬ ಮಾಡುವವರೂ ಯಾರೂ ಇಲ್ಲ.

ಕಳೆದ ವರ್ಷ ದಸೂಕಿ ಪೀಪಾಯಿಗಳ ಮುಚ್ಚಳ ತೆಗೆದ ಬೆಳಿಗ್ಗೆಯೇ ಮೇಲಿನ ಮಹಡಿಯ ಉಸ್ತಾದ್ ರಮ್ಸೀಸ್ ತಮ್ಮ ತುರ್ತು ಸಂಖ್ಯೆಗೆ ಫೋನು ಮಾಡಿದರು. ರಮ್ಸೀಸ್ ಕನ್ನಡಕದ ಅಂಗಡಿ ಇಟ್ಟಿರುವ ಸಜ್ಜನರು, ಆಗಷ್ಟೇ ಕೈರೋದಿಂದ ಬಂದು ಬಾಡಿಗೆಗೆ ಸೇರಿದ್ದರು. ಅಲ್ಲಿ ಫಿಸೀಖನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸುತ್ತಿ ಮಾರುತ್ತಾರಂತೆ. ಹೆಣಕ್ಕೆ ಸುತ್ತಿದ ಬಟ್ಟೆ ಬಿಚ್ಚುವ ಹಾಗೆ ಇಷ್ಟಿಷ್ಟೇ ಬಿಚ್ಚುತ್ತಾರಂತೆ. ಪೀಪಾಯಿಯ ಮುಚ್ಚಳ ತೆಗೆದಾಗ ಏನಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಮೆಟ್ಟಿಲಿಳಿಯುತ್ತಾ ‘ಗ್ಯಾಸು, ಗ್ಯಾಸು’ ಎಂದು ಕೂಗಿದರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ದಸೂಕಿ ಮೆಟ್ಟಿಲ ಕೆಳಗಿದ್ದ ವಾಲ್ವಿಗೆ ಓಡಿ ಅದನ್ನು ತಿರುಗಿಸಿ ಬಂದ್ ಮಾಡಿದ.

"ಮೊದ್ಲು ಆಫ್ ಮಾಡೋಣ, ಆಮೇಲೆ ಯಾರ ವಾಸನೆ ಅಂತ ಜಗಳ ಆಡೋಣ" ಎಂದ.

ಆ ದಿನ ಇಡೀ ಓಣಿಯಲ್ಲಿ ಯಾರಾದರೂ ಬುದ್ಧಿವಂತಿಕೆಯ ಕೆಲಸ ಮಾಡಿದ್ದರೆ ಅದೊಂದೇ. ತಮ್ಮ ವರದಿಯಲ್ಲಿ ಅದು ‘ಅನಧಿಕೃತ ವ್ಯಕ್ತಿಯಿಂದ ಸಾರ್ವಜನಿಕ ವಾಲ್ವಿನ ದುರ್ಬಳಕೆ’ ಎಂದು ದಾಖಲಾಯಿತು.

ತಮ್ಮ ತಂಡ ಬಂದಾಗ ನಾನು ಬಾಗಿಲಲ್ಲೇ ಇದ್ದೆ. ಮುಖವಾಡ ತೊಟ್ಟ ನಾಲ್ವರು ಯಂತ್ರ ಹಿಡಿದು ಮೆಟ್ಟಿಲು ಮೆಟ್ಟಿಲಲ್ಲಿ ಅಳೆದರು. ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ಅದೇ ಹೊತ್ತಿಗೆ ಓಣಿಯ ಬೆಕ್ಕುಗಳೆಲ್ಲ ದಸೂಕಿಯ ಅಂಗಡಿಯೆದುರು ಮದುವೆ ಊಟಕ್ಕೆ ಕಾದ ನೆಂಟರ ಹಾಗೆ ಸಾಲಾಗಿ ಕೂತಿದ್ದವು. ಒಂದು ಕಿವಿ ಹರಿದ ಸುಲ್ತಾನಾ ಎಂಬ ಬೆಕ್ಕಂತೂ ತಮ್ಮ ತಂಡದ ನಾಯಕನ ಬೂಟಿನ ಮೇಲೆಯೇ ಕೂತಿತ್ತು. ಆದರೂ ಅವರಿಗೆ ಹೊಳೆಯಲಿಲ್ಲ. ಕೊನೆಗೆ ನಾಯಕ ಪೀಪಾಯಿಯೊಳಗೆ ತಲೆ ತೂರಿಸಿದ. ಮುಖವಾಡ ಹಾಕಿಕೊಂಡೇ ತೂರಿಸಿದ. ಆಮೇಲೆ ಅವನನ್ನು ಕೂರಿಸಿ ಗಾಳಿ ಹಾಕಿ ನಿಂಬೆಹಣ್ಣು ಮೂಸಿಸಿದವಳು ದಸೂಕಿಯ ಹೆಂಡತಿ ಝಕಿಯ್ಯಾ. ಆ ನಿಂಬೆಹಣ್ಣಿನ ಉಲ್ಲೇಖ ವರದಿಯಲ್ಲಿಲ್ಲ.

ಅಲ್ಲಿಗೆ ಎಲ್ಲರೂ ನಕ್ಕು ಮನೆಗೆ ಹೋಗಬಹುದಿತ್ತು. ತಮ್ಮ ಕಚೇರಿ ನಗುವುದಿಲ್ಲ. ಮೊದಲು, ವಾಲ್ವಿನ ಸುತ್ತ ಕಬ್ಬಿಣದ ಪೆಟ್ಟಿಗೆ ಕೂರಿಸಿ, ಬೀಗ ಜಡಿದು, ಮೇಲೆ ಸೀಸದ ಮುದ್ರೆ ಒತ್ತಿದರು. ಮುದ್ರೆ ಒಡೆದವರಿಗೆ ಜೈಲು ಎಂದು ಕೆಂಪು ಅಕ್ಷರದಲ್ಲಿ ಬರೆದರು. ಆಮೇಲೆ ಸುಳ್ಳು ಕರೆಯ ಶಿಕ್ಷೆಯಾಗಿ ಇಡೀ ಕಟ್ಟಡದ ಗ್ಯಾಸು ಕಡಿದು, ನಿವಾಸಿಗಳೆಲ್ಲರೂ ‘ನೈಸರ್ಗಿಕ ಅನಿಲ ಮತ್ತು ವಿದ್ಯುತ್ತಿನ ಮೂಲ ಪದಗಳು’ ಎಂಬ ತರಗತಿಗೆ ಹಾಜರಾಗಿ, ಮನೆಗೊಬ್ಬರಾದರೂ ತೇರ್ಗಡೆಯಾದರೆ ಮಾತ್ರ ಮರುಸಂಪರ್ಕ ಎಂದರು. ದಸೂಕಿಗೆ ಪ್ರತ್ಯೇಕವಾಗಿ ಬಂದ ನೋಟೀಸನ್ನು ನಾನು ಬಾಯಿಪಾಠ ಮಾಡಿದ್ದೇನೆ, ಏಕೆಂದರೆ ನನ್ನ ಜೀವಮಾನದಲ್ಲಿ ಅಂಥ ವಾಕ್ಯ ಓದಿರಲಿಲ್ಲ: ‘ತಮ್ಮ ಮೀನಿನ ವಾಸನೆಯು ಈ ಕಚೇರಿಯ ಅಧಿಕೃತ ಎಚ್ಚರಿಕೆಯ ವಾಸನೆಯನ್ನು ಅನುಮತಿಯಿಲ್ಲದೆ ಹೋಲುತ್ತಿದ್ದು, ಅದನ್ನು ಕೂಡಲೇ ಬದಲಾಯಿಸತಕ್ಕದ್ದು.’

ಬದಲಾಯಿಸತಕ್ಕದ್ದು! ಯಾವುದಕ್ಕೆ, ಮಾನ್ಯರೇ? ಮಲ್ಲಿಗೆಗೆ?

ಆ ತರಗತಿಯನ್ನು ನಾನು ಮರೆಯಲಾರೆ. ಯುವಕೇಂದ್ರದ ಸಭಾಂಗಣದಲ್ಲಿ ಅಜ್ಜಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ತಾವು ಕಳುಹಿಸಿದ ತರುಣ ಬೋಧಕ ಕೆಂಪು ಬೆಳಕಿನ ಕಡ್ಡಿ ಹಿಡಿದು ಪರದೆಗೆ ಚುಚ್ಚುತ್ತಾ ಹೇಳಿದ:

"ನೈಸರ್ಗಿಕ ಅನಿಲ ಅಂದ್ರೆ ಹೆಚ್ಚಿನ ಪಾಲು ಮೀಥೇನ್. ಅದಕ್ಕೆ ಬಣ್ಣ ಇಲ್ಲ. ವಾಸನೆ ಇಲ್ಲ."

ಝಕಿಯ್ಯಾ ಕೈಯೆತ್ತಿದಳು. "ಇಲ್ಲ ಅಂದ್ರೆ ಹೆಂಗಪ್ಪಾ? ನಮ್ಮ ಒಲೆ ಆರಿಹೋದ್ರೆ ಕೊಳೆತ ಮೊಟ್ಟೆ ನಾತ ಬರತ್ತಲ್ಲ?"

"ಅದು ಗ್ಯಾಸಿನದ್ದಲ್ಲ ಅಮ್ಮಾ. ಸೋರಿದ್ರೆ ಗೊತ್ತಾಗ್ಲಿ ಅಂತ ನಾವು ಹಾಕೋದು."

"ನೀವು ಹಾಕೋದಾ? ಬೇಕೂಂತ್ಲೇ?"

"ಹೌದಮ್ಮ, ಸುರಕ್ಷತೆಗೆ."

"ಹಾಕೋದು ಹಾಕ್ತೀರಿ, ಒಂದು ಚೂರು ಏಲಕ್ಕಿದೋ ಗುಲಾಬಿದೋ ಹಾಕ್ಬಾರ್ದಾ? ಜನ ಖುಷಿಯಾಗಿ ಸಾಯ್ತಿದ್ರು."

ಸಭೆ ಬಿದ್ದು ಬಿದ್ದು ನಕ್ಕಿತು. ದಸೂಕಿ ಮಾತ್ರ ನಗಲಿಲ್ಲ. ಆತ ಎದ್ದು ನಿಂತ. ಅವನು ಎದ್ದರೆ ಹಿಂದಿನ ಸಾಲಿಗೆ ಪರದೆ ಕಾಣುವುದಿಲ್ಲ, ಅಂಥ ಆಳು. ಆದರೆ ದನಿ ಮೆತ್ತಗಿತ್ತು.

"ಮಗಾ, ಒಂದ್ ಮಾತು ಕೇಳ್ಲಾ? ನಮ್ಮಜ್ಜನ ಅಜ್ಜನ ಕಾಲದಿಂದ ನಮ್ಮ ಮೀನು ಇದೇ ವಾಸನೆ ಬರ್ತಿದೆ. ನಿಮ್ಮ ಪೈಪು ಈ ಓಣಿಗೆ ಬಂದಿದ್ದು ಮೊನ್ನೆ ಮೊನ್ನೆ. ನಿಮ್ಮದಕ್ಕೆ ಹುಟ್ಟಿದ್ ವಾಸನೇನೂ ಇಲ್ಲ, ಎಲ್ಲಿಂದ್ಲೋ ತಂದು ಹಾಕಿದ್ದು ಅಂತ ನೀನೇ ಹೇಳ್ದೆ. ಹಂಗಾದ್ರೆ ಯಾರು ಯಾರನ್ನ ನಕಲು ಮಾಡಿದ್ದು?"

ಜನ ಚಪ್ಪಾಳೆ ತಟ್ಟಿದರು. ಬೋಧಕ ಪರದೆಯ ಮೇಲಿನ ಚಿತ್ರ ಬದಲಾಯಿಸಿ ವಿದ್ಯುತ್ತಿಗೆ ಹೋದ. ವೋಲ್ಟ್ ಎಂದರೆ ಕರೆಂಟನ್ನು ತಳ್ಳುವ ಒತ್ತಡ, ಆಂಪಿಯರ್ ಎಂದರೆ ಹರಿಯುವ ಪ್ರಮಾಣ, ಸಾವಿರ ವ್ಯಾಟಿನ ಹೀಟರು ಒಂದು ಗಂಟೆ ಉರಿದರೆ ಒಂದು ಕಿಲೋವ್ಯಾಟ್ ಗಂಟೆ. ಮೀಥೇನ್ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಸೋರಿಕೆ ಇದ್ದಲ್ಲಿ ಬೆಂಕಿಕಡ್ಡಿ ಗೀರಬಾರದು, ಸ್ವಿಚ್ಚು ಹಾಕಬಾರದು, ತೆಗೆಯಲೂಬಾರದು, ಕಬ್ಬಿಣಕ್ಕೆ ಕಬ್ಬಿಣ ಬಡಿಯಬಾರದು, ಫೋನು ಬಳಸಬಾರದು. ಒಂದೇ ಒಂದು ಕಿಡಿ ಸಾಕು. ಇದನ್ನೆಲ್ಲ ನಾವು ಕಲಿತೆವು. ಪರೀಕ್ಷೆ ಬರೆದೆವು. ನಾನು ಮೊದಲ ದರ್ಜೆಯಲ್ಲಿ ತೇರ್ಗಡೆಯಾದೆ. ‘ಎಚ್ಚರಿಕೆಯ ವಾಸನೆ ಯಾರದು?’ ಎಂಬ ಪ್ರಶ್ನೆಗೆ ದಸೂಕಿ ‘ನಮ್ಮದು’ ಎಂದು ಬರೆದು ನಪಾಸಾದ.

ಆ ತರಗತಿ ಮುಗಿಯುವವರೆಗೆ ನಾವು ಹೇಗೆ ಅಡುಗೆ ಮಾಡಿದೆವೆಂದು ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮನೆಮನೆಗೂ ಕರೆಂಟಿನ ಒಲೆ ತಂದೆವು. ಸಂಜೆ ಎಲ್ಲರೂ ಒಟ್ಟಿಗೆ ಹಚ್ಚಿದಾಗ ಆಂಪಿಯರ್ ಎಂದರೇನೆಂದು ಕಟ್ಟಡಕ್ಕೆ ಅನುಭವದಿಂದಲೇ ತಿಳಿಯಿತು: ಫ್ಯೂಸು ಢಂ ಎಂದಿತು, ಬೇಯುತ್ತಿದ್ದ ಮುಲೂಖಿಯ್ಯಾ ಸೊಪ್ಪು ಕತ್ತಲಲ್ಲಿ ತಣ್ಣಗಾಯಿತು. ವಿದ್ಯುತ್ ಕಚೇರಿಯವರು ಬಂದು, ‘ಇಷ್ಟು ಲೋಡು ಯಾಕೆ ಹಾಕಿದ್ರಿ, ಗ್ಯಾಸಿಲ್ವಾ?’ ಎಂದು ಬೈದರು. ಗ್ಯಾಸು ಕಡಿದಿದ್ದಾರೆ ಎಂದರೆ, ‘ಅದು ಬೇರೆ ಇಲಾಖೆ’ ಎಂದರು. ಒಂದೇ ಸಚಿವರ ಮನೆಯಲ್ಲಿ ಎರಡೂ ಉರಿಯುತ್ತಿರಬೇಕಲ್ಲ, ಅಲ್ಲಾದರೂ ಅವು ಒಂದನ್ನೊಂದು ಮಾತಾಡಿಸುತ್ತವೆಯೋ ಇಲ್ಲವೋ ನಾನರಿಯೆ.

ನಮಗೆ ಗ್ಯಾಸು ಮರಳಿ ಬಂತು. ದಸೂಕಿಗೆ ಮೀನು ಮರಳಿ ಬರಲಿಲ್ಲ. ಅವನು ಪ್ರಾಮಾಣಿಕ ಮನುಷ್ಯ; ಸರ್ಕಾರದ ನೋಟೀಸನ್ನು ಗಂಭೀರವಾಗಿ ತೆಗೆದುಕೊಳ್ಳುವ ಈ ಓಣಿಯ ಕೊನೆಯ ವ್ಯಕ್ತಿ. ವಾಸನೆ ಬದಲಾಯಿಸಲು ನಿಜವಾಗಿಯೂ ಪ್ರಯತ್ನಪಟ್ಟ. ಪೀಪಾಯಿಗೆ ಪುದೀನ ಹಾಕಿದ, ಲವಂಗ ಹಾಕಿದ, ಒಮ್ಮೆ ನನ್ನ ಅಂಗಡಿಯಿಂದ ವಧುವಿಗೆ ಚಿಮುಕಿಸುವ ಪನ್ನೀರೂ ಕೇಳಿಕೊಂಡು ಹೋದ. ಅದರ ರುಚಿ ನೋಡಿದ ಹಳೆಯ ಗಿರಾಕಿಯೊಬ್ಬಳು, ‘ಹಾಜ್, ಇದನ್ನ ತಿನ್ನೋದಾ, ತಲೆಗೆ ಹಚ್ಚೋದಾ?’ ಎಂದಳು. ಅವತ್ತು ಅವನು ಪೀಪಾಯಿಗಳನ್ನು ತೊಳೆದು ಬೋರಲು ಹಾಕಿದ. ಈ ಚಳಿಗಾಲದಲ್ಲಿ ಮೀನು ಉಪ್ಪಿಗೆ ಹಾಕುವ ಕಾಲ ಬಂತು, ಹೋಯಿತು. ಅವನು ಬೋರಲು ಪೀಪಾಯಿಯ ಮೇಲೆ ಕೂತು ತಿರ್ಮಿಸ್ ಕಾಳು, ಮೂಲಂಗಿ ಉಪ್ಪಿನಕಾಯಿ ಮಾರಿದ. ಕಾಳು ಕೊಳ್ಳುವವರು ಗೌರವದಿಂದ ಹಾಜ್ ಎನ್ನುತ್ತಿರಲಿಲ್ಲ, ‘ಏಯ್ ಕಾಳಿನವ್ನೇ’ ಎನ್ನುತ್ತಿದ್ದರು. ಅವನು ತಿರುಗಿ ನೋಡುತ್ತಿರಲಿಲ್ಲ, ಅದು ತನ್ನನ್ನೇ ಕರೆದದ್ದು ಎಂದು ಅವನಿಗೆ ಅನ್ನಿಸುತ್ತಿರಲಿಲ್ಲ.

ಈಗ ಈ ವಾರದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಮ್ಮ ಪೆದ್ದುತನವೂ ಇದೆ, ಮುಚ್ಚಿಡುವುದಿಲ್ಲ. ನಾಳೆ ಹಬ್ಬ. ಮೊನ್ನೆಯಿಂದ ಮೆಟ್ಟಿಲಿನಲ್ಲಿ ವಾಸನೆ ಶುರುವಾಯಿತು. ಮಾನ್ಯರೇ, ನಾವು ಹೆದರಲಿಲ್ಲ. ನಮಗೆ ಖುಷಿಯಾಯಿತು! ದಸೂಕಿ ಗುಟ್ಟಾಗಿ ಎಲ್ಲೋ ಒಂದು ಪೀಪಾಯಿ ಹಾಕಿದ್ದಾನೆ, ಸರ್ಕಾರದ ಕಣ್ಣಿಗೆ ಮಣ್ಣೆರಚಿದ್ದಾನೆ ಎಂದುಕೊಂಡೆವು. ಮೆಟ್ಟಿಲಲ್ಲಿ ಎದುರಾದವರು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿದೆವು. ಸಂತೆಯಿಂದ ಹಸಿ ಈರುಳ್ಳಿ ಹೊರೆಗಟ್ಟಲೆ ಬಂತು. ಕಡ್ಡಿ ಗೀರಿದರೆ ಕಟ್ಟಡವೇ ಹಾರಿಹೋಗಬಹುದಾದ ಗಾಳಿಯನ್ನು ನಾವು ಮೂಗು ಅರಳಿಸಿ ಎಳೆದುಕೊಂಡು ಬಾಯಲ್ಲಿ ನೀರೂರಿಸಿಕೊಂಡೆವು. ನಾನೇ ಅಂಗಡಿಗೆ ಹೋಗಿ ದಸೂಕಿಯ ಕಿವಿಯಲ್ಲಿ, "ನಂಗೆ ಒಂದು ದಪ್ಪಂದು ಎತ್ತಿಡು, ಯಾರ್ಗೂ ಹೇಳಲ್ಲ" ಎಂದೆ.

ಅವನು ಕಾಳಿನ ತಟ್ಟೆ ಪಕ್ಕಕ್ಕಿಟ್ಟ. "ಏನ್ ಎತ್ತಿಡ್ಲಿ ಬಹೀಗಕ್ಕಾ? ಮೂಲಂಗೀನಾ?"

"ಸಾಕು ನಾಟಕ. ಮೇಲಿನ್ ಮಹಡಿವರ್ಗೂ ಘಮ್ ಅಂತಿದೆ."

ಅಷ್ಟರಲ್ಲಿ ಝಕಿಯ್ಯಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. "ನಾನೂ ಎರಡು ದಿನದಿಂದ ಕೇಳ್ತಿದೀನಿ. ಕಟ್ಕೊಂಡ ಹೆಂಡ್ತಿಗೂ ಹೇಳದೆ ಎಲ್ಲಿ ಬಚ್ಚಿಟ್ಟಿದೀಯಯ್ಯಾ? ಮಂಚದ ಕೆಳಗೂ ಹುಡುಕ್ದೆ."

"ನಮ್ಮಪ್ಪನ ಆಣೆ ಕಣೇ, ಈ ಕಟ್ಟಡದಲ್ಲಿ ಒಂದ್ ಮೀನಿನ್ ಮೂಳೇನೂ ಇಲ್ಲ."

ಆಗ ನಾನು ಬೀದಿಯತ್ತ ನೋಡಿದೆ. ಅಂಗಡಿಯ ಮುಂದೆ ಒಂದೇ ಒಂದು ಬೆಕ್ಕಿರಲಿಲ್ಲ. ಹಬ್ಬದ ಹಿಂದಿನ ದಿನ, ಇಷ್ಟು ವಾಸನೆ ಇರುವ ಓಣಿಯಲ್ಲಿ, ಬೆಕ್ಕಿಲ್ಲ! ಹುಡುಕಿದರೆ ಸುಲ್ತಾನಾ ತನ್ನ ಪರಿವಾರದ ಸಮೇತ ಓಣಿಯ ಆ ತುದಿಯಲ್ಲಿ, ಇಸ್ತ್ರಿ ಅಂಗಡಿಯ ಚಾವಣಿ ಮೇಲೆ ಕೂತು ನಮ್ಮ ಕಟ್ಟಡವನ್ನು ದಿಟ್ಟಿಸುತ್ತಿತ್ತು. ವಾಸನೆಯ ಜಾಡು ಹಿಡಿದು ಹೋದೆವು. ಅದು ಬರುತ್ತಿದ್ದದ್ದು ಮೆಟ್ಟಿಲ ಕೆಳಗಿನ ತಮ್ಮ ಕಬ್ಬಿಣದ ಪೆಟ್ಟಿಗೆಯಿಂದ, ತಮ್ಮ ಬೀಗದ ಸಂದಿನಿಂದ, ತಮ್ಮ ಸೀಸದ ಮುದ್ರೆಯ ಹಿಂದಿನಿಂದ. ಕಿವಿಯಿಟ್ಟರೆ ಸುಸ್ಸೆಂದು ಸದ್ದು ಕೂಡ ಕೇಳುತ್ತಿತ್ತು.

ಮಕ್ಕಳು ಮುದುಕರನ್ನೆಲ್ಲ ಹೊರಗೆ ಸಾಗಿಸಿ, ಕಿಟಕಿ ಬಾಗಿಲು ತೆರೆದಿಟ್ಟು, ಪಾಠದ ಪ್ರಕಾರ ಓಣಿಯ ಕೊನೆಗೆ ಓಡಿ ತಮಗೆ ಫೋನು ಮಾಡಿದೆ. ತಮ್ಮ ಗುಮಾಸ್ತ ಬಹಳ ಸಭ್ಯ.

"ತುರ್ತು ಸೇವೆ. ಹೇಳಿ ಮೇಡಮ್."

"ಗ್ಯಾಸ್ ಸೋರ್ತಿದೆ, ಬೇಗ ಬನ್ನಿ. ಸಿಮ್ಸಿಮ್ ಓಣಿ."

"ಒಂದ್ನಿಮಿಷ. ಓ... ಮೀನಿನ್ ಬಿಲ್ಡಿಂಗಾ?"

"ಈ ವರ್ಷ ಮೀನಿಲ್ಲಪ್ಪಾ. ನೀವೇ ನಿಲ್ಲಿಸಿದ್ರಲ್ಲ!"

"ಕಂಪ್ಯೂಟರಲ್ಲಿ ಇದೆ ಅಂತಾನೇ ಬರ್ತಿದೆ ಮೇಡಮ್. ಹಬ್ಬದ್ ವಾರ ನಿಮ್ ವಿಳಾಸದಿಂದ ಬರೋ ಕರೆ ಎಲ್ಲಾ ‘ಮೀನು’ ಅಂತ ಹಾಕ್ಬೇಕು ಅಂತ ಸೂಚನೆ ಇದೆ."

"ಅಯ್ಯೋ ನಿನ್ ಕಂಪ್ಯೂಟರಿಗೆ ಮೂಗಿದೆಯಾ? ಬೆಕ್ಕುಗಳೆಲ್ಲಾ ಓಡಿಹೋಗಿವೆ ಮಾರಾಯಾ!"

"ಬೆಕ್ಕು ಅಂದ್ರೆ... ಅದು ಯಾವ್ ಸಾಧನ ಮೇಡಮ್?"

"ಬೆಕ್ಕು! ಮ್ಯಾಂವ್ ಅನ್ನತ್ತಲ್ಲ, ಅದು! ಮೀನಾದ್ರೆ ಬರ್ತವೆ, ಗ್ಯಾಸಾದ್ರೆ ಹೋಗ್ತವೆ."

"ಅದನ್ನ ನಮೂದಿಸೋಕೆ ಇಲ್ಲಿ ಜಾಗ ಇಲ್ಲ. ನೀವು ಒಂದ್ ಕೆಲ್ಸ ಮಾಡಿ, ಹಬ್ಬ ಮುಗಿದ್ಮೇಲೂ ವಾಸನೆ ಇದ್ರೆ ಫೋನ್ ಮಾಡಿ. ಶುಭ ವಸಂತ ಮೇಡಮ್."

ಹಬ್ಬ ಮುಗಿದ ಮೇಲೂ ವಾಸನೆ ಇದ್ದರೆ! ಹಬ್ಬ ಮುಗಿಯುವ ಹೊತ್ತಿಗೆ ಫೋನು ಮಾಡುವವರು ಇರಬೇಕಲ್ಲವೇ ಎಂದು ತಮ್ಮ ಸೂಚನೆ ಬರೆದವರಿಗೆ ಹೊಳೆಯಲಿಲ್ಲವೇ? ಉಸ್ತಾದ್ ರಮ್ಸೀಸ್ ಮತ್ತೆ ಮತ್ತೆ ಪ್ರಯತ್ನಿಸಿದರು. ಪಾಪ, ಕಳೆದ ವರ್ಷದ ನಾಚಿಕೆಯಿಂದ ಅವರು ಮೂರು ದಿನ ಮೇಲಿನ ಮಹಡಿಯಲ್ಲಿ ಎಲ್ಲರಿಗಿಂತ ಮೊದಲೇ ವಾಸನೆ ಹಿಡಿದೂ ಬಾಯಿ ಬಿಟ್ಟಿರಲಿಲ್ಲ. "ಈ ಸಲ ಇದು ಫಿಸೀಖ್, ನಾನೂ ಊರಿನವನಾದೆ ಅಂತ ಹೆಮ್ಮೆ ಪಟ್ಕೊಂಡಿದ್ದೆ ಮೇಡಮ್" ಎಂದು ಕಣ್ಣೊರೆಸಿಕೊಂಡರು. ಸತ್ಯ ಹೇಳುವವನನ್ನು ಒಮ್ಮೆ ಗದರಿಸಿ ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ ತರಗತಿಯಲ್ಲಿ ಹಂಚಿದ ತಮ್ಮ ಪುಸ್ತಿಕೆಯಲ್ಲಿ ಯಾವ ಪದವೂ ಇಲ್ಲ.

ಅಗ್ನಿಶಾಮಕದವರು ಬಂದರು. ಮೂಸಿದರು. ಗ್ಯಾಸೇ ಎಂದರು. ಆದರೆ ಬೀಗ ಒಡೆಯಬೇಕಾದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯಬೇಕು, ಬಡಿದರೆ ಕಿಡಿ. ಬೀಗದ ಕೈ ತಮ್ಮಲ್ಲಿದೆ. ಬೀದಿಯ ದೊಡ್ಡ ವಾಲ್ವಿನ ಕೈಯೂ ತಮ್ಮಲ್ಲೇ ಇದೆ. ಅವರು ಈಗ ಓಣಿಯ ಎರಡೂ ಬಾಯಿಗೆ ಹಗ್ಗ ಕಟ್ಟಿ, ಕೊಳವೆ ಬಿಚ್ಚಿಟ್ಟುಕೊಂಡು, ನಮ್ಮ ಜೊತೆ ತಮ್ಮ ದಾರಿಯನ್ನೇ ಕಾಯುತ್ತಿದ್ದಾರೆ. ಅವರೂ ತಮ್ಮ ಕಚೇರಿಗೆ ಕರೆ ಮಾಡಿದರು. ‘ನಿಮಗೂ ಶುಭ ವಸಂತ’ ಎಂಬ ಉತ್ತರ ಬಂತು.

ಒಳಗೆ ಫ್ರಿಜ್ಜುಗಳು ತಮ್ಮಷ್ಟಕ್ಕೆ ತಾವು ಚಾಲೂ ಆಗಿ ಬಂದ್ ಆಗುತ್ತಿರುತ್ತವೆ, ಅಲ್ಲೂ ಕಿಡಿ ಇರುತ್ತದೆ ಎಂದು ಪಾಠದಲ್ಲಿ ಕಲಿತದ್ದು ನೆನಪಾಗಿ ವಿದ್ಯುತ್ ಕಚೇರಿಗೆ ಓಡಿದೆ. ಕಂಬದಿಂದಲೇ ನಮ್ಮ ಕಟ್ಟಡದ ಕರೆಂಟು ತೆಗೆಯಿರಿ ಎಂದು ಬೇಡಿಕೊಂಡೆ. ಕೇಳದೆಯೇ ವರ್ಷವಿಡೀ ಕರೆಂಟು ತೆಗೆಯುವ ಆ ಮಹಾನುಭಾವರು ಹೇಳಿದ್ದು ಕೇಳಿ.

"ಇವತ್ತಿನ ಕಡಿತದ ಪಟ್ಟಿಯಲ್ಲಿ ನಿಮ್ ಓಣಿ ಇಲ್ಲಮ್ಮಾ."

"ಹಬ್ಬದ ಕೊಡುಗೆ ಅಂದ್ಕೊಂಡು ತೆಗೀರಪ್ಪಾ!"

"ಹಬ್ಬಕ್ಕೆ ಕರೆಂಟ್ ತೆಗೀಬಾರ್ದು ಅಂತ ಮೇಲಿಂದ ಆದೇಶ ಇದೆ. ಜನರಿಗೆ ತೊಂದ್ರೆ ಆಗ್ಬಾರ್ದಲ್ಲ."

ಜೀವನದಲ್ಲಿ ಮೊದಲ ಬಾರಿಗೆ ಕತ್ತಲೆ ಬೇಡಿದೆ. ಸಿಗಲಿಲ್ಲ. ನಮ್ಮ ಕಟ್ಟಡ ಈಗ ದೀಪಗಳೆಲ್ಲ ಉರಿಯುತ್ತಾ ಮದುವೆಮನೆಯ ಹಾಗೆ ಝಗಮಗಿಸುತ್ತಿದೆ, ಒಳಗೆ ಒಬ್ಬನೇ ಮನುಷ್ಯನನ್ನು ಇಟ್ಟುಕೊಂಡು.

ಅವನ ವಿಷಯಕ್ಕೆ ಬಂದೆ. ದಸೂಕಿ ಅಂಗಡಿಯೊಳಗೆ, ಶಟರಿಗೆ ಕೈಯೆಟಕುವಷ್ಟು ಹತ್ತಿರ, ಬೋರಲು ಪೀಪಾಯಿಯ ಮೇಲೆ ಕೂತಿದ್ದಾನೆ. ತಮ್ಮ ಪೆಟ್ಟಿಗೆ ಅವನ ಗೋಡೆಯ ಆ ಬದಿಗಿದೆ. ಝಕಿಯ್ಯಾ ಬಾಗಿಲಲ್ಲಿ ನಿಂತು ಬೇಡಿದ್ದನ್ನು ನಾನು ಕೇಳಿಸಿಕೊಂಡೆ.

"ಎದ್ದು ಬಾರಯ್ಯಾ, ನಿನ್ ಕಾಲಿಗ್ ಬೀಳ್ತೀನಿ."

"ನಾನ್ ಹೊರಗ್ ಬಂದ್ರೆ ಏನಂತಾರೆ ಗೊತ್ತಾ? ನೋಡಿ, ಮೀನಿನವನು ಓಡಿಹೋದ, ಅವನದೇ ವಾಸನೆ ಅಂತ ಬರ್ಕೊಳ್ತಾರೆ. ಹೋದ್ ವರ್ಷ ಬರ್ಕೊಂಡ್ರಲ್ಲ?"

"ಬರ್ಕೊಂಡ್ರೆ ಬರ್ಕೊಳ್ಲಿ! ನೀನ್ ಬದುಕಿರು!"

"ಯಾವ್ ನಾನು ಝಕಿಯ್ಯಾ? ಕಾಳು ಮಾರೋ ನಾನಾ?"

ಅವಳು ಕೈ ಹಿಡಿದು ಎಳೆಯಲು ಹೋದಳು. ಅವನು ಅರ್ಧ ಎತ್ತಿದ್ದ ಕಬ್ಬಿಣದ ಶಟರಿಗೆ ಕೈ ಹಾಕಿದ. "ಹತ್ರ ಬಂದ್ರೆ ಇದನ್ನ ಎಳೀತೀನಿ. ಕಿಡಿ ಹಾರಿದ್ರೆ ಅವ್ರೇ ಬಂದು ನೋಡ್ಕೊಳ್ತಾರೆ ಮೀನಾ ಗ್ಯಾಸಾ ಅಂತ" ಎಂದ. ಅಗ್ನಿಶಾಮಕದವರೂ ಹಿಂದೆ ಸರಿದರು. ಅವನು ಶಟರು ಎಳೆಯುವುದಿಲ್ಲ, ನನಗೆ ಗೊತ್ತು. ಓಣಿಯ ಕೊನೆಯಲ್ಲಿ ಮಕ್ಕಳು ಮಲಗಿದ್ದಾರೆ, ಅವನು ಅಂಥವನಲ್ಲ. ಆದರೆ ಎದ್ದೂ ಬರುವುದಿಲ್ಲ. ಕಳೆದ ವರ್ಷ ಗ್ಯಾಸು ಎಂಬ ಕೂಗು ಕೇಳಿ ಎಲ್ಲರಿಗಿಂತ ಮೊದಲು ಓಡಿಹೋಗಿ ವಾಲ್ವು ಮುಚ್ಚಿದವನು ಅವನೇ. ಈ ವರ್ಷ ಅದೇ ಕೈ ಅದೇ ವಾಲ್ವಿಗೆ ತಲುಪದಂತೆ ಬೀಗ ಹಾಕಿದವರು ತಾವು. ನನಗೆ ಸಿಟ್ಟು ಬಂದಿದೆ, ಭಯವೂ ಆಗಿದೆ. ಈ ವಯಸ್ಸಿನಲ್ಲಿ ಬೀದಿಯಲ್ಲಿ ಕೂತು ಅತ್ತಿದ್ದೇನೆ, ಅದೂ ವಧುವಿನ ಸಿಂಹಾಸನದಲ್ಲಿ.

ಹೊತ್ತು ಕಡಿಮೆ ಇದೆ. ಬೆಳಗಾದರೆ ಇಡೀ ಮನ್ಸೂರಾ ಫಿಸೀಖ್ ಬಿಚ್ಚುತ್ತದೆ. ಆಮೇಲೆ ಯಾವುದು ಊರಿನ ವಾಸನೆ, ಯಾವುದು ತಮ್ಮದು ಎಂದು ನಾವೇ ಹೇಳಲಾರೆವು. ಸುಲ್ತಾನಾ ಕೂಡ ಪಕ್ಕದ ಬೀದಿಗೆ ಹಬ್ಬದೂಟಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಈ ಪತ್ರವನ್ನು ಗೋಡೆಗೆ ಅಂಟಿಸುತ್ತಿದ್ದೇನೆ, ಫೋನುಗಳಲ್ಲಿ ಊರಿಗೆಲ್ಲ ಹರಡುತ್ತಿದ್ದೇನೆ. ತಮ್ಮ ಹೆಂಡತಿ ಮಕ್ಕಳ ಫೋನಿಗೂ ಇದು ಬರಲಿ ಎಂದೇ ನನ್ನ ಆಸೆ. ಅವರಾದರೂ ತಮ್ಮನ್ನು ಎಬ್ಬಿಸಿಯಾರು.

ಬೀಗದ ಕೈ ತೆಗೆದುಕೊಂಡು ಬನ್ನಿ. ತಂಡವನ್ನಲ್ಲ, ತಾವೇ ಬನ್ನಿ. ವಾಲ್ವು ಮುಚ್ಚಿ. ಕಂಪ್ಯೂಟರಿನಲ್ಲಿ ನಮ್ಮ ವಿಳಾಸದ ಮುಂದಿರುವ ಆ ಪದವನ್ನು ಅಳಿಸಿ. ದಸೂಕಿಯ ನೋಟೀಸನ್ನು ಹಿಂದಕ್ಕೆ ಪಡೆಯುವ ವಿಷಯ ಹಬ್ಬ ಕಳೆದ ಮೇಲೆ ಮಾತಾಡೋಣ, ನಾನಂತೂ ಬಿಡುವವಳಲ್ಲ.

ಬರುವಾಗ ಕಾರನ್ನು ಓಣಿಯ ಹೊರಗೇ ನಿಲ್ಲಿಸಿ. ಫೋನನ್ನು ಅಲ್ಲೇ ಬಿಡಿ. ಅಂಗಡಿಯ ಬಾಗಿಲಲ್ಲಿ ಹಿತ್ತಾಳೆಯ ಗುಂಡಿಯಿರುವ ಕರೆಂಟಿನ ಕರೆಗಂಟೆ ಇದೆ, ನೋಡಲು ಚೆನ್ನಾಗಿದೆ. ಅದನ್ನು ಒತ್ತಬೇಡಿ, ಯಾಕೆಂದು ತಮ್ಮ ಪುಸ್ತಿಕೆಯಲ್ಲೇ ಬರೆದಿದೆ. ಬಾಗಿಲಲ್ಲಿ ನಿಂತು ಬಾಯಲ್ಲಿ ಕರೆಯಿರಿ. ‘ಕಾಳಿನವ್ನೇ’ ಎಂದು ಕರೆಯಬೇಡಿ, ತಿರುಗುವುದಿಲ್ಲ. ಹಾಜ್ ದಸೂಕಿ ಎನ್ನಿ. ಆಮೇಲೆ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ, ‘ಇದು ನಿನ್ನದಲ್ಲ, ನಮ್ಮ ವಾಸನೆ’ ಎಂದು ಹೇಳಿ. ಅಷ್ಟು ಹೇಳಿದರೆ ಅವನು ಎದ್ದು ಬರುತ್ತಾನೆ.

ಇಂತಿ,
ತಮ್ಮ ಮೂಲ ಪದಗಳ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾಗಿ, ಸದ್ಯ ಬೀದಿಯಲ್ಲಿ ಸಿಂಹಾಸನವೇರಿರುವ,
ಬಹೀಗಾ
ಅಧ್ಯಕ್ಷೆ, ಕಟ್ಟಡ ಇರುವವರೆಗೆ, ನಿವಾಸಿಗಳ ಸಂಘ
ಸಿಮ್ಸಿಮ್ ಓಣಿ, ಮನ್ಸೂರಾ